38 ವರ್ಷ ಕಾದವನು: ದೀರ್ಘಕಾಲದ ಕಾಯಿಲೆ, ಮಹಾಮಾರಿ ಮತ್ತು ಒಂಟಿತನ

ಸಭೆಗೆ ಮೊದಲು ಓದಿಕೊಳ್ಳಿ: ಯೊವಾನ್ನ 5:1-9, ಆದಿಕಾಂಡ 2:18, ಮಾರ್ಕ 2:1-5



ಕೋವಿಡ್ ಮುಗಿದು ಇಷ್ಟು ದಿನವಾಯಿತು, ಈಗ ಆ ಮಾತು ಯಾಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಅದು ಮುಗಿದಿದೆ. ಆದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರೂ ಕಡೆಯ ಕನ್ನಡ ಕುಟುಂಬಗಳ ಹೆಸರಿನ ಪಟ್ಟಿ ಸರಿಪಡಿಸುವ ಕೆಲಸ ನಮ್ಮ ಯುವ ಬಳಗಕ್ಕೆ ಬಂದಾಗ ಒಂದು ವಿಷಯ ಕಣ್ಣಿಗೆ ಬಿತ್ತು. 2020ರ ಮಾರ್ಚ್‌ಗೆ ಮೊದಲು ಭಾನುವಾರ ತಪ್ಪದೆ ಬರುತ್ತಿದ್ದು, ಚರ್ಚು ತೆರೆದ ಮೇಲೆ ತಿರುಗಿ ಬಾರದವರು ಯಾರು ಎಂದು ನೋಡಿದೆವು. ಬಹಳಷ್ಟು ಜನ ಶುಗರ್, ಬಿ.ಪಿ., ದಮ್ಮು, ಕಿಡ್ನಿ, ಸಂಧಿವಾತದಂಥ ಕಾಯಿಲೆ ಇರುವವರು. ಊರು ಬಿಟ್ಟು ಹೋದವರಲ್ಲ, ವಿಶ್ವಾಸ ಬಿಟ್ಟವರೂ ಅಲ್ಲ. ಮನೆಯಲ್ಲೇ ಇದ್ದಾರೆ. ಆಗ ಒಳಗೆ ಹೋದವರು ಹೊರಗೆ ಬಂದಿಲ್ಲ, ಅಷ್ಟೇ. ಆದ್ದರಿಂದ ಈ ತಿಂಗಳ ಕಿರು ಸಮುದಾಯ ಸಭೆಗೂ ಯುವಕರ ಸಭೆಗೂ ಇದೇ ಪಾಠ.

ಮೊದಲು ಯೊವಾನ್ನನ ಶುಭಸಂದೇಶ. ಜೆರುಸಲೇಮಿನಲ್ಲಿ ಐದು ಮಂಟಪಗಳ ಒಂದು ಕೊಳ. ಅದರ ಸುತ್ತ ಕುರುಡರು, ಕುಂಟರು, ಪಾರ್ಶ್ವವಾಯು ಬಡಿದವರು ದೊಡ್ಡ ಗುಂಪಾಗಿ ಮಲಗಿದ್ದಾರೆ. ಅವರಲ್ಲಿ ಒಬ್ಬನಿಗೆ 38 ವರ್ಷದಿಂದ ಕಾಯಿಲೆ. ವಾಸಿಯಾಗಬೇಕೇ ಎಂದು ಯೇಸುಸ್ವಾಮಿ ಅವನನ್ನು ಕೇಳುತ್ತಾರೆ. ಯಾರಾದರೂ ‘ಹೌದು’ ಎನ್ನುವ ಪ್ರಶ್ನೆ. ಅವನು ಹೌದು ಎನ್ನುವುದಿಲ್ಲ. ನೀರು ಅಲುಗಿದಾಗ ತನ್ನನ್ನು ಇಳಿಸಲು ಒಬ್ಬರೂ ಇಲ್ಲ ಎನ್ನುತ್ತಾನೆ. ಕಾಲಿನ ವಿಷಯ ಕೇಳಿದರೆ ಜನರ ವಿಷಯ ಹೇಳುತ್ತಾನೆ. ಇನ್ನೊಂದನ್ನು ಗಮನಿಸಿ: ಅವನು ಕಾಡಿನಲ್ಲಿ ಒಬ್ಬನೇ ಇದ್ದವನಲ್ಲ. ಜನರ ನಡುವೆ, ಅದೂ ತನ್ನಂಥದೇ ರೋಗಿಗಳ ನಡುವೆ ಇದ್ದ. ಆದರೂ ಅವನಿಗೆ ಯಾರೂ ಇರಲಿಲ್ಲ.

ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ, ಏಕಾಂತ ಮತ್ತು ಒಂಟಿತನ. ಏಕಾಂತವನ್ನು ನಾವೇ ಹುಡುಕಿಕೊಂಡು ಹೋಗುತ್ತೇವೆ, ಯೇಸುಸ್ವಾಮಿಯೂ ಪ್ರಾರ್ಥನೆಗೆ ಬೆಟ್ಟಕ್ಕೆ ಹೋಗುತ್ತಿದ್ದರು. ಒಂಟಿತನ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಆರು ಜನರಿರುವ ಮನೆಯಲ್ಲೂ ಬರುತ್ತದೆ. ಹಾಗಾಗಿ “ಅವರ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದಾರಲ್ಲ” ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ನಮ್ಮ ಭಾಗದಲ್ಲಿ ಏನಾಯಿತು ಎಂದು ನೆನಪು ಮಾಡಿಕೊಳ್ಳೋಣ. 2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಮೇ ತಿಂಗಳಿಂದ ಸಡಿಲಿಕೆ ಬಂದಾಗ ಸರ್ಕಾರದ ಸೂಚನೆ ಸ್ಪಷ್ಟವಾಗಿತ್ತು: 65 ದಾಟಿದವರು, ಬೇರೆ ಕಾಯಿಲೆ ಇರುವವರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು. ವೈದ್ಯಕೀಯವಾಗಿ ಅದು ಸರಿಯಾದ ಮಾತೇ. ಶುಗರ್, ಕಿಡ್ನಿ, ಹೃದಯದ ಕಾಯಿಲೆ ಇದ್ದವರಿಗೆ ಸೋಂಕು ಹೆಚ್ಚು ಅಪಾಯಕಾರಿಯಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಉಳಿದವರು ಒಬ್ಬೊಬ್ಬರಾಗಿ ಅಂಗಡಿಗೆ, ಕಾರ್ಖಾನೆಗೆ, ಮದುವೆಗೆ ಹೊರಟರು. ಇವರು ಕಿಟಕಿಯಲ್ಲಿ ನಿಂತು ನೋಡಿದರು. ನಮಗೆ ಲಾಕ್‌ಡೌನ್ ಕೆಲವು ತಿಂಗಳು, ಇವರಿಗೆ ಎರಡು ವರ್ಷ.

ಗಡಿಯಲ್ಲಿರುವ ನಮಗೆ ಇನ್ನೊಂದು ವಿಚಿತ್ರವೂ ಇತ್ತು. ಕರ್ನಾಟಕದಲ್ಲಿ 2020ರ ಜೂನ್ 8ರಿಂದ ಪ್ರಾರ್ಥನಾ ಸ್ಥಳಗಳನ್ನು ತೆರೆಯಲು ಅನುಮತಿ ಸಿಕ್ಕಿತು. ಮಹಾರಾಷ್ಟ್ರದಲ್ಲಿ ದೀಪಾವಳಿ ಪಾಡ್ಯದವರೆಗೆ, ಅಂದರೆ ನವೆಂಬರ್ 16ರವರೆಗೆ ಕಾಯಬೇಕಾಯಿತು. ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿ, 2021ರ ಅಕ್ಟೋಬರ್ 7ಕ್ಕೆ ತೆರೆದದ್ದು. ಗಡಹಿಂಗ್ಲಜದಿಂದ ಸಂಕೇಶ್ವರ ಎಷ್ಟು ದೂರ? ಎಸ್.ಟಿ. ಬಸ್ಸಿನಲ್ಲಿ ಕೂತು ಒಂದು ನಿದ್ದೆ ಹಿಡಿಯುವಷ್ಟೂ ಇಲ್ಲ. ಅಲ್ಲಿ ಬಲಿಪೂಜೆಗೆ ಅವಕಾಶ, ಇಲ್ಲಿ ಬಾಗಿಲು ಮುಚ್ಚಿದೆ. 2021ರಲ್ಲಿ ಕರ್ನಾಟಕವು ಮಹಾರಾಷ್ಟ್ರದಿಂದ ಬರುವವರಿಗೆ ಆರ್‌ಟಿ-ಪಿಸಿಆರ್ ವರದಿ ಕಡ್ಡಾಯ ಮಾಡಿದ ಮೇಲೆ ಕೊಗನೊಳಿ ನಾಕಾ ದಾಟುವುದೇ ದೊಡ್ಡ ಕೆಲಸವಾಯಿತು. ನಮ್ಮ ಮನೆಗಳಲ್ಲಿ ಅಕ್ಕ ಆ ಕಡೆ, ತಂಗಿ ಈ ಕಡೆ. ದವಾಖಾನೆಯೂ ಹಾಗೆಯೇ: ಗಡಹಿಂಗ್ಲಜದವರಿಗೆ ಬೆಳಗಾವಿ ಹತ್ತಿರ. ವರ್ಷಗಳಿಂದ ತೋರಿಸುತ್ತಿದ್ದ ಡಾಕ್ಟರು ಗಡಿಯ ಆಚೆ ಉಳಿದರೆ ರೋಗಿಗೆ ತಪ್ಪುವುದು ಬರೀ ಚೀಟಿಯಲ್ಲ, ತನ್ನ ಕಥೆ ಪೂರ್ತಿ ಗೊತ್ತಿದ್ದ ಒಬ್ಬ ಮನುಷ್ಯನೂ ತಪ್ಪುತ್ತಾನೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ 155 ದೇಶಗಳನ್ನು ವಿಚಾರಿಸಿತು. 53% ದೇಶಗಳಲ್ಲಿ ರಕ್ತದೊತ್ತಡದ ಚಿಕಿತ್ಸೆಯೂ, 49% ದೇಶಗಳಲ್ಲಿ ಸಕ್ಕರೆ ಕಾಯಿಲೆಯ ಚಿಕಿತ್ಸೆಯೂ ಅರ್ಧಂಬರ್ಧ ಅಥವಾ ಪೂರ್ತಿ ನಿಂತಿತ್ತು. ಭಾರತದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯ ರೋಗಿಗಳು ದಾಖಲಾಗಿದ್ದರೆ 2020ರಲ್ಲಿ ದಾಖಲಾದದ್ದು ಸುಮಾರು 18 ಲಕ್ಷ. ಕ್ಷಯ ಕಡಿಮೆಯಾಗಲಿಲ್ಲ, ತಪಾಸಣೆಗೆ ಬರುವವರು ಕಡಿಮೆಯಾದರು. ಡಯಾಲಿಸಿಸ್ ವಿಷಯ ಇನ್ನೂ ಕಠಿಣ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕು. ಬಸ್ಸು ಇಲ್ಲ, ವಡಾಪ್ ಇಲ್ಲ ಎಂದು ತಪ್ಪಿಸಿದರೆ ಮೈಯಲ್ಲಿ ನೀರು ತುಂಬುತ್ತದೆ. ಮೊದಲ ಲಾಕ್‌ಡೌನಿನಲ್ಲಿ ದೇಶದ ಹಲವು ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ 2517 ಡಯಾಲಿಸಿಸ್ ರೋಗಿಗಳ ಪೈಕಿ 710 ಜನ ಒಂದು ಸಲವಾದರೂ ತಪ್ಪಿಸಿಕೊಂಡಿದ್ದರು. ಆ ಸಂಖ್ಯೆಯ ಹಿಂದಿರುವ ರಾತ್ರಿಗಳನ್ನು ಸ್ವಲ್ಪ ಊಹಿಸಿಕೊಳ್ಳಿ. ನಾಳೆ ವಾಹನ ಸಿಗುತ್ತದೋ ಇಲ್ಲವೋ ಎಂದು ಎಚ್ಚರವಾಗಿ ಮಲಗಿದ ರಾತ್ರಿಗಳು.

ಕೊಲ್ಹಾಪುರದವರಿಗೆ ಇದರ ಮೇಲೆ 2021ರ ಜುಲೈನಲ್ಲಿ ಪಂಚಗಂಗೆಯ ಮಹಾಪೂರವೂ ಬಂತು. 2019ರ ಪೂರದ ಪೆಟ್ಟು ಆರುವ ಮೊದಲೇ ಇನ್ನೊಂದು. ಇನ್ಸುಲಿನ್ ತಣ್ಣಗಿಡಬೇಕಾದವರಿಗೆ ಕರೆಂಟು ಹೋದರೆ ಏನಾಗುತ್ತದೆ ಎಂದು ಆ ಮನೆಯವರನ್ನೇ ಕೇಳಬೇಕು.

ಇಚಲಕರಂಜಿಯ ಒಂದು ಮಾತನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಲ್ಲಿ ಎಷ್ಟೋ ಜನ ಕನ್ನಡದವರು ಪವರ್‌ಲೂಮಿನಲ್ಲಿ ಜೀವ ಸವೆಸಿದವರು. ಹತ್ತಿಯ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಇಂಥವರು, ದಮ್ಮು ಇದ್ದವರು, ಬೀಡಿ ಸೇದಿ ಎದೆ ಕೆಡಿಸಿಕೊಂಡವರು ಕೋವಿಡ್‌ಗಿಂತ 20 ವರ್ಷ ಮೊದಲಿನಿಂದಲೂ ಕೆಮ್ಮುತ್ತಿದ್ದರು. 2020ರಲ್ಲಿ ಅದೇ ಕೆಮ್ಮು ಅಪರಾಧವಾಯಿತು. ಅಂಗಡಿಯಲ್ಲಿ ಕೆಮ್ಮಿದರೆ ಜನ ಸರಿದರು. ಚರ್ಚು ತೆರೆದ ಮೇಲೆ ಬೆಂಚಿನ ತುದಿಯಲ್ಲಿ ಕೆಮ್ಮಿದರೆ ಪಕ್ಕದವರು ಎದ್ದು ಬೇರೆ ಕಡೆ ಕೂತರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ, ಅನ್ನುವ ಅಗತ್ಯವೂ ಇರಲಿಲ್ಲ. ಒಬ್ಬ ಕಾಕಾ ನಮ್ಮ ಹುಡುಗರಿಗೆ ಹೇಳಿದ್ದು: “ನನ್ನ ಕೆಮ್ಮು ಯಾರಿಗೂ ಹತ್ತಂಗಿಲ್ಲೋ ತಮ್ಮಾ. ಖರೆ, ಅದನ್ನ ಎಷ್ಟ್ ಮಂದಿಗೆ ಹೇಳ್ಕೋತ ಕೂಡಲಿ?” ಅವರು ಬರುವುದನ್ನು ನಿಲ್ಲಿಸಿದ್ದು ಭಯದಿಂದಲ್ಲ, ಮರ್ಯಾದೆಗೆ ಅಂಜಿ.

ನಾನು ವಿಜ್ಞಾನ ಓದಿದವನು, ಹಾಗಾಗಿ ಒತ್ತಡ ಮೈಯೊಳಗೆ ಏನು ಮಾಡುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಭಯವಾದಾಗ ಕಿಡ್ನಿಯ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಬಿಡುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತದ ಒತ್ತಡ ಏರುತ್ತದೆ, ಓಡಲೋ ಹೊಡೆದಾಡಲೋ ಬೇಕಾಗುತ್ತದೆಂದು ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇದರಿಂದ ಉಪಯೋಗ. ನಾಯಿ ಹೋಗುತ್ತದೆ, ಎಲ್ಲವೂ ಇಳಿಯುತ್ತದೆ. ಆದರೆ ನಾಯಿ ಎರಡು ವರ್ಷ ಬಾಗಿಲಲ್ಲೇ ಕೂತರೆ? ಕಾರ್ಟಿಸೋಲ್ ಇಳಿಯುವುದಿಲ್ಲ, ನಿದ್ದೆ ಕೆಡುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದೇ ಗುಳಿಗೆ, ಅದೇ ಜೋಳದ ರೊಟ್ಟಿ, ಆದರೂ ಶುಗರ್ ಏರುತ್ತದೆ. ಮನೆಯವರು ಏನನ್ನುತ್ತಾರೆ? “ಕದ್ದು ಸಿಹಿ ತಿಂದಿರಬೇಕು.” ತಿನ್ನದವರು ಇದನ್ನು ಕೇಳಿಸಿಕೊಂಡು ಸುಮ್ಮನಾಗುತ್ತಾರೆ, ಮುಂದಿನ ಸಲ ರಿಪೋರ್ಟು ತೋರಿಸುವುದನ್ನೇ ಬಿಡುತ್ತಾರೆ. ಸಿಹಿ ತಿಂದವರೂ ಇರುತ್ತಾರೆ ಬಿಡಿ, ಅದು ಬೇರೆ ಮಾತು.

ಒಂಟಿತನದ ಲೆಕ್ಕವನ್ನೂ ಜನ ಹಾಕಿದ್ದಾರೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ, ಒಂಟಿತನ ಅನುಭವಿಸುವವರಲ್ಲಿ ಬೇಗ ಸಾಯುವ ಸಂಭವ 26% ಹೆಚ್ಚು ಎಂದು ಕಂಡುಕೊಂಡಿತು. ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ 25% ಹೆಚ್ಚಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. 2025ರ ಜೂನ್‌ನಲ್ಲಿ ಬಂದ ಅದರ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಅದೇ ಲೆಕ್ಕ ಹಿಡಿದರೆ ಭಾನುವಾರ ನಮ್ಮ ಒಂದು ಬೆಂಚಿನಲ್ಲಿ ಒಬ್ಬರು. ಬೆಂಚಿಗೆ ಬಾರದವರನ್ನು ಎಣಿಸಿದರೆ ಹೆಚ್ಚೇ.

ನಮ್ಮಂಥ ಬಹುಭಾಷೆಯ ಧರ್ಮಪ್ರಾಂತದಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ನಾವು ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಎಲ್ಲದರಲ್ಲೂ ಹೇಗೋ ನಡೆಸುತ್ತೇವೆ. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಹಾಡಿನಲ್ಲಿ ಕೊಂಕಣಿ. ಮೈ ನೆಟ್ಟಗಿರುವವರೆಗೆ ಇದು ಸಲೀಸು. ನೋವು ಬಂದಾಗ ಮಾತ್ರ ಮನುಷ್ಯ ತಾಯಿಯ ಮಾತಿಗೆ ಮರಳುತ್ತಾನೆ. ವಾರ್ಡಿನಲ್ಲಿ ನರ್ಸು “ಕುಠೆ ದುಖ್ತಂಯ್?” ಎಂದು ಕೇಳಿದರೆ ನಮ್ಮ ಆಯಿ ಎದೆಯನ್ನೋ ಹೊಟ್ಟೆಯನ್ನೋ ಮುಟ್ಟಿ ತೋರಿಸಬಲ್ಲಳು. ಆದರೆ “ಜೀವಕ್ಕ ಬ್ಯಾಸರಾಗೇದ”, “ಜೀವಕ್ಕ ಸಮಾಧಾನ ಇಲ್ಲ” ಎಂಬುದನ್ನು ಬೆರಳಿಟ್ಟು ತೋರಿಸುವುದು ಹೇಗೆ? ಖಿನ್ನತೆಯನ್ನು ನಮ್ಮ ಹಿರಿಯರು ಹೇಳುವುದೇ ಈ ಮಾತುಗಳಲ್ಲಿ. ಕೋವಿಡ್ ಕಾಲದಲ್ಲಿ ವಾರ್ಡಿನೊಳಗೆ ಮಗಳನ್ನೂ ಬಿಡುತ್ತಿರಲಿಲ್ಲ, ಎದುರಿಗೆ ಬಂದವರ ಮುಖವೂ ಕಾಣುತ್ತಿರಲಿಲ್ಲ. ಮಾಸ್ಕಿನ ಹಿಂದಿನ ಮರಾಠಿ, ಅದೂ ಅವಸರದ್ದು. ಆ ದಾದಿಯರು ದೇವರಂಥ ಕೆಲಸ ಮಾಡಿದರು, ಅವರ ಮೇಲೆ ನನ್ನ ದೂರಿಲ್ಲ. ದಿನಕ್ಕೊಮ್ಮೆ ಫೋನಿನಲ್ಲಿ ಕನ್ನಡದ ನಾಲ್ಕು ಮಾತು ಕೇಳಿಸಿದ್ದರೆ ಎಷ್ಟು ಬೇರೆಯಾಗಿರುತ್ತಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಆನ್‌ಲೈನ್ ಬಲಿಪೂಜೆ ಇತ್ತಲ್ಲ ಎನ್ನುವಿರಿ. ಇತ್ತು, ಉಪಕಾರವೂ ಆಯಿತು. ಆದರೆ ಮನೆಗೊಂದೇ ಸ್ಮಾರ್ಟ್‌ಫೋನು, ಅದು ಮೊಮ್ಮಗನ ಆನ್‌ಲೈನ್ ಕ್ಲಾಸಿಗೆ. ಸಿಕ್ಕಾಗಲೂ ಅಂಗೈಯಷ್ಟು ಪರದೆ, ನೆಟ್‌ವರ್ಕ್ ನಿಂತು ನಿಂತು ಬರುವ ಧ್ವನಿ. ಪರದೆಯಲ್ಲಿ ಗುರುಗಳು ಕಾಣುತ್ತಾರೆ, ಗುರುಗಳಿಗೆ ಆಯಿ ಕಾಣುವುದಿಲ್ಲ. ನೋಡುವುದಕ್ಕೂ ನೋಡಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಎಷ್ಟೋ ಮನೆಗಳಿಗೆ ಆ ದಿನಗಳಲ್ಲಿ ನಿಜವಾಗಿ ಬಂದದ್ದು ಆಶಾ ಕಾರ್ಯಕರ್ತೆ ಒಬ್ಬಳೇ. 2020ರ ಸೆಪ್ಟೆಂಬರ್ 15ರಿಂದ ಮಹಾರಾಷ್ಟ್ರ ಸರ್ಕಾರ ನಡೆಸಿದ ‘ಮಾಝೆ ಕುಟುಂಬ, ಮಾಝಿ ಜಬಾಬ್ದಾರಿ’ ಅಭಿಯಾನದಲ್ಲಿ ಮನೆಮನೆಗೆ ಹೋಗಿ ಜ್ವರ, ಆಕ್ಸಿಜನ್ ನೋಡಿ, ಯಾರಿಗೆ ಯಾವ ಹಳೆಯ ಕಾಯಿಲೆ ಇದೆ ಎಂದು ಬರೆದುಕೊಂಡರು. ಸರ್ಕಾರದ ಬಳಿ ಅಂಥ ಪಟ್ಟಿ ಇದೆ. ನಮ್ಮ ಧರ್ಮಕೇಂದ್ರದ ಬಳಿ ಇಲ್ಲ.

2024ರ ಫೆಬ್ರವರಿ 11ರ ರೋಗಿಗಳ ವಿಶ್ವದಿನಕ್ಕೆ ಪೋಪ್ ಫ್ರಾನ್ಸಿಸ್ ಅವರು ಆರಿಸಿಕೊಂಡದ್ದು ಆದಿಕಾಂಡದ ಆ ವಾಕ್ಯವನ್ನೇ, ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ ಎಂದು ದೇವರು ಹೇಳುವ 2:18ನ್ನು. ನಾವು ಅದನ್ನು ಮದುವೆಯಲ್ಲಿ ಮಾತ್ರ ಓದುತ್ತೇವೆ. ಅವರು ಅದನ್ನು ರೋಗಿಯ ಹಾಸಿಗೆಯ ಪಕ್ಕ ಓದಿದರು. ಕೋವಿಡ್ ಕಾಲದಲ್ಲಿ ಭೇಟಿಗೆ ಯಾರೂ ಇಲ್ಲದೆ ಮಲಗಿದ್ದವರನ್ನು ನೆನೆದು, ಯಾವ ಕಾಯಿಲೆಯಲ್ಲೂ ಮೊದಲು ಬೇಕಾದ ಆರೈಕೆ ಕರುಣೆಯ ಸಾಮೀಪ್ಯ ಎಂಬ ಅರ್ಥದಲ್ಲಿ ಬರೆದರು.

ಈ ಸಾಮೀಪ್ಯಕ್ಕೆ ನಮ್ಮ ಧರ್ಮಸಭೆಯಲ್ಲಿ ಒಂದು ಸಂಸ್ಕಾರವೇ ಇದೆ, ಆದರೆ ಅದಕ್ಕೆ ನಾವು ಹೆದರುತ್ತೇವೆ. ರೋಗಿಗಳ ಅಭ್ಯಂಗಕ್ಕೆ ಫಾದರ್ ಅವರನ್ನು ಕರೆಯೋಣವೇ ಎಂದರೆ ಮನೆಯವರು ಕಣ್ಣಲ್ಲೇ ಬೇಡ ಎನ್ನುತ್ತಾರೆ. ಎಣ್ಣೆ ಹಚ್ಚಿದರೆ ಕಥೆ ಮುಗಿಯಿತು ಎಂಬ ತಿಳುವಳಿಕೆ. 1963ರಲ್ಲಿಯೇ ಎರಡನೇ ವ್ಯಾಟಿಕನ್ ಮಹಾಸಭೆ ಇದು ಸಾಯುವ ಗಳಿಗೆಯಲ್ಲಿರುವವರಿಗೆ ಮಾತ್ರದ ಸಂಸ್ಕಾರವಲ್ಲ ಎಂದು ಸ್ಪಷ್ಟಪಡಿಸಿ, ‘ಅಂತ್ಯ’ ಎಂಬ ಮಾತಿಗಿಂತ ರೋಗಿಗಳ ಅಭ್ಯಂಗ ಎಂಬ ಹೆಸರೇ ಸೂಕ್ತ ಎಂದಿತು. ಗಂಭೀರ ಕಾಯಿಲೆಯಿಂದ ಅಥವಾ ವೃದ್ಧಾಪ್ಯದಿಂದ ಅಪಾಯ ಶುರುವಾದಾಗಲೇ ಪಡೆಯಬಹುದು. ಕಾಯಿಲೆ ಹೆಚ್ಚಾದರೆ ಮತ್ತೊಮ್ಮೆ ಪಡೆಯಬಹುದು, ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲೂ ಪಡೆಯಬಹುದು. ಇಷ್ಟು ವರ್ಷವಾದರೂ ಈ ಸುದ್ದಿ ನಮ್ಮ ಓಣಿ ತಲುಪಿಲ್ಲ. ಪರಿಣಾಮ ಏನೆಂದರೆ ಗುರುಗಳ ಕೈ ತಲೆಯ ಮೇಲೆ ಬೀಳುವಷ್ಟರಲ್ಲಿ ರೋಗಿಗೆ ಎಚ್ಚರವೇ ಇರುವುದಿಲ್ಲ.

ಹಾಗಾದರೆ ನಾವೇನು ಮಾಡಬಹುದು? ಮಾರ್ಕನ ಶುಭಸಂದೇಶದ ಆ ನಾಲ್ವರನ್ನು ನೋಡಿ. ಬಾಗಿಲಲ್ಲಿ ಜಾಗವಿಲ್ಲ ಎಂದು ಅವರು ಮಾಡು ಬಿಚ್ಚಿದರು. ನಾವು ಅಷ್ಟು ದೂರ ಹೋಗಬೇಕಿಲ್ಲ. ಬಂದು ಹೋಗುವುದಕ್ಕಿಂತ ಒಂದೇ ದಿನ, ಒಂದೇ ಹೊತ್ತಿಗೆ ಬರುವುದು ಮುಖ್ಯ ಎಂದು ನನ್ನ ಅಭಿಪ್ರಾಯ. ಕ್ರಿಸ್‌ಮಸ್‌ಗೆ ಹತ್ತು ಜನ ಗುಂಪಾಗಿ ಹೋಗಿ ಕೇಕು ಕೊಟ್ಟು ಫೋಟೋ ತೆಗೆಸಿಕೊಂಡು ಬರುವುದು ನಮಗೆ ಚೆನ್ನಾಗಿ ಬರುತ್ತದೆ. ಆಮೇಲೆ ಈಸ್ಟರ್‌ವರೆಗೆ ಯಾರೂ ಇಲ್ಲ. ಅದರ ಬದಲು ಒಬ್ಬರು ಪ್ರತಿ ಬುಧವಾರ ಸಂಜೆ ಆರಕ್ಕೆ ಹತ್ತು ನಿಮಿಷ ಫೋನು ಮಾಡಿದರೆ, ಆ ಆಯಿಗೆ ಮಂಗಳವಾರವೂ ಸ್ವಲ್ಪ ಹಗುರಾಗುತ್ತದೆ. ಕಾಯುವುದಕ್ಕೆ ಏನೋ ಒಂದು ಇರುತ್ತದೆ.

ಹೋದಾಗ ಅವರ ಭಾಷೆಯಲ್ಲೇ ಮಾತಾಡಿ. ನಮ್ಮ ಬಳಗದಲ್ಲಿ ಮರಾಠಿ ಶಾಲೆಯಲ್ಲಿ ಓದಿ ಕನ್ನಡ ಮಾತಾಡಲು ನಾಚುವ ಹುಡುಗರಿದ್ದಾರೆ. ತಪ್ಪಿದರೆ ಆಯಿ ತಿದ್ದುತ್ತಾಳೆ, ಅವಳಿಗೂ ಒಂದು ಕೆಲಸ ಸಿಕ್ಕಂತಾಗುತ್ತದೆ. ಕೊಂಕಣಿ ಮನೆಗೆ ಕೊಂಕಣಿ ಬಲ್ಲವರು ಹೋಗಲಿ. ಉಪದೇಶ ಬೇಡ. “ದೇವರ ಚಿತ್ತ”, “ನಿಮಗಿಂತ ಕಷ್ಟದವರು ಎಷ್ಟೋ ಜನ ಇದ್ದಾರೆ”, “ಮೆಂತ್ಯೆ ನೀರು ಕುಡಿದು ನೋಡಿ” ಈ ಮೂರನ್ನೂ ಮನೆಯಲ್ಲೇ ಬಿಟ್ಟು ಹೋಗಿ. ಎಷ್ಟು ವರ್ಷದಿಂದ ಇದೆ, ರಾತ್ರಿ ನಿದ್ದೆ ಹೇಗೆ, ಯಾವ ಹೊತ್ತು ಕಷ್ಟ ಎಂದು ಕೇಳಿ ಸುಮ್ಮನೆ ಕೂಡಿ. ಗುಳಿಗೆ ಮುಗಿಯುವ ದಿನ, ತಪಾಸಣೆಯ ದಿನ ಬರೆದುಕೊಳ್ಳಿ. ಜ್ವರ, ನೆಗಡಿ ಇದ್ದರೆ ಹೋಗಬೇಡಿ, ಫೋನು ಮಾಡಿ. ನಮಗೆ ಸಣ್ಣದಾದದ್ದು ಅವರಿಗೆ ಸಣ್ಣದಲ್ಲ.

ಎರಡು ವಾರ ಬಿಡದೆ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಗುಳಿಗೆ ತೆಗೆದುಕೊಳ್ಳುವುದನ್ನು ತಾವಾಗಿ ನಿಲ್ಲಿಸಿದ್ದರೆ ಅದು ಪ್ರಾರ್ಥನೆಯ ಜೊತೆಗೆ ಡಾಕ್ಟರನ್ನೂ ಕಾಣಬೇಕಾದ ವಿಷಯ. ತಾನು ಇರುವುದೇ ಭಾರ ಎಂಬ ಮಾತು ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಮನೆಯವರಿಗೆ ತಿಳಿಸಿ, ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಕರೆ ಮಾಡಬಹುದು. ಅದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಮಹಾರಾಷ್ಟ್ರದಿಂದ ಮಾಡಿದರೂ ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಿ. ಹಿರಿಯರಿಗಾಗಿಯೇ ಇರುವ ಸಹಾಯವಾಣಿ 14567.

ನೋಡಿಕೊಳ್ಳುವವರನ್ನೂ ಮರೆಯಬಾರದು. ಸಾಮಾನ್ಯವಾಗಿ ಅದು ಸೊಸೆ ಅಥವಾ ಮದುವೆಯಾಗದ ಮಗಳು. ರೋಗಿಯನ್ನು ಹೇಗಿದ್ದೀರಿ ಎಂದು ಕೇಳುವವರು ಒಬ್ಬಿಬ್ಬರಾದರೂ ಇರುತ್ತಾರೆ, ಅವಳನ್ನು ಕೇಳುವವರು ಇಲ್ಲ. ನೀವು ಆಯಿಯ ಹತ್ತಿರ ಕೂತ ಒಂದು ಗಂಟೆ ಅವಳು ಚರ್ಚಿಗೋ ಪೇಟೆಗೋ ಹೋಗಿ ಬರಲಿ, ಅಥವಾ ಮಲಗಲಿ.

ಸಭೆಯಲ್ಲಿ ಮಾತಾಡಲು: ಕೊಳದ ಪಕ್ಕದ ಮನುಷ್ಯ ‘ಹೌದು’ ಎಂದು ಯಾಕೆ ಉತ್ತರಿಸಲಿಲ್ಲ? ನಮ್ಮ ಓಣಿಯಲ್ಲಿ 2020ರಿಂದ ಹೊರಗೆ ಬಾರದವರು ಯಾರು, ಅವರು ಬಾರದಂತೆ ಮಾಡಿದ್ದು ಕಾಯಿಲೆಯೋ ನಮ್ಮ ನಡತೆಯೋ? ರೋಗಿಗಳ ಅಭ್ಯಂಗದ ಬಗ್ಗೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ?

ಬರುವಾಗ ಪ್ರತಿಯೊಬ್ಬರೂ ಒಂದು ಚೀಟಿ ತನ್ನಿ. ಅದರಲ್ಲಿ ಒಬ್ಬರ ಹೆಸರು, ಅವರು ಮಾತಾಡುವ ಭಾಷೆ, ದವಾಖಾನೆಗೆ ಹೋಗುವ ದಿನ, ಮತ್ತು ಅವರಿಗೆ ಫೋನು ಮಾಡಲು ಅನುಕೂಲವಾದ ಹೊತ್ತು ಇರಲಿ. ಹೆಸರು ಬರೆಯುವ ಮೊದಲು ಅವರನ್ನು ಒಮ್ಮೆ ಕೇಳಿ.